ವಿರಳ ರೋಗ ಮತ್ತು ವಂಶದ ನೆನಪು



ನಾನು ವೈದ್ಯನಲ್ಲ, ಕೇಂದ್ರ ಸರ್ಕಾರದ ಕಡತಗಳ ನಡುವೆ ಆಯುಷ್ಯ ಸವೆಸುತ್ತಿರುವ ಅಧಿಕಾರಿ. ಆದರೂ ವಿರಳ ರೋಗಗಳನ್ನು ಕುರಿತು ಎರಡು ಮಾತನಾಡಬಯಸುತ್ತೇನೆ. ಇವುಗಳ ಪತ್ತೆಗೆ ಬೇಕಾದ ಮೊದಲ ಸಾಕ್ಷ್ಯ ಅನೇಕ ವೇಳೆ ನಮ್ಮ ಮನೆಗಳಲ್ಲಿಯೇ ಇರುತ್ತದೆ.

ನಮ್ಮ ನಾಡಿನದೇ ನಿದರ್ಶನ ನೋಡಿ. ಶಿವಮೊಗ್ಗ ಜಿಲ್ಲೆ ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ 1970ರ ದಶಕದ ಮಧ್ಯಭಾಗದಲ್ಲಿ ಒಂದು ಕಾಯಿಲೆ ಹೊರಜಗತ್ತಿನ ಗಮನಕ್ಕೆ ಬಂದಿತು. ಸೊಂಟ, ಮೊಣಕಾಲುಗಳ ಕೀಲು ಸವೆದು ದುಡಿಯುವ ವಯಸ್ಸಿನವರು ನಡೆಯಲಾರದಾದರು. ಕೆಲವರ ಬೆಳವಣಿಗೆಯೇ ಕುಂಠಿತವಾಗಿತ್ತು. ನರಳಿದವರು ಬಹುಪಾಲು ಬಡ ದಲಿತ ಕುಟುಂಬದವರು. ಗದ್ದೆಗೆ ಸಿಂಪಡಿಸಿದ ಕೀಟನಾಶಕ, ಆ ಗದ್ದೆಯ ಏಡಿ ತಿಂದದ್ದು, ಇವೇ ಕಾರಣವೆಂಬ ಶಂಕೆ ಮೊದಲು ಹುಟ್ಟಿತು. ಸಂಶೋಧಕರು ಕುಟುಂಬಗಳ ವಂಶಾವಳಿಯನ್ನು ಪರಿಶೀಲಿಸಿದಾಗ, ತಂದೆತಾಯಿಯರಲ್ಲಿ ಒಬ್ಬರಿಂದಲೇ ಮಕ್ಕಳಿಗಿಳಿಯಬಲ್ಲ ಆನುವಂಶಿಕ ಮೂಳೆದೋಷವಿದೆಂಬ ಅಭಿಪ್ರಾಯ ಬಲಗೊಂಡಿತು. ಗುಣಪಡಿಸುವ ಔಷಧ ಇಂದಿಗೂ ಇಲ್ಲ. ನೋವಿನ ಮಾತ್ರೆ, ಕೆಲವರಿಗೆ ಸೊಂಟದ ಕೀಲು ಬದಲಿಸುವ ಶಸ್ತ್ರಚಿಕಿತ್ಸೆ, ಇಷ್ಟೇ.

ಆ ಜನ ಅಕ್ಕಪಕ್ಕದ ಊರುಗಳಲ್ಲಿ, ಒಂದೇ ಬಳಗವಾಗಿ ಇದ್ದುದರಿಂದ ಈ ನಂಟು ಕಣ್ಣಿಗೆ ಬಿತ್ತು. ನಮ್ಮಂತೆ ಚೆದುರಿ ಹೋಗಿದ್ದರೆ ಒಬ್ಬೊಬ್ಬರೂ ಒಂದೊಂದು ದವಾಖಾನೆಯಿಂದ ‘ಸಂಧಿವಾತ’ವೆಂಬ ಚೀಟಿ ಹಿಡಿದು ಹಿಂದಿರುಗುತ್ತಿದ್ದರೇನೋ. “ಮನೆತನದಲ್ಲಿ ಬೇರೆ ಯಾರಿಗಾದರೂ ಹೀಗಿತ್ತೇ?” ಎಂದು ವೈದ್ಯರು ಕೇಳಿದರೆ ಇಲ್ಲಿ ಹುಟ್ಟಿ ಬೆಳೆದ ನಮ್ಮ ಮಕ್ಕಳಿಗೆ ಉತ್ತರ ತಿಳಿಯದು. ಅದು ವಿಜಯಪುರದಲ್ಲೋ ಉಡುಪಿಯಲ್ಲೋ ಇರುವ ಅಜ್ಜಿಯ ಬಳಿ ಇದೆ. ತಿಳಿದ ಹಿರಿಯರೂ ಮಕ್ಕಳ ಸಂಬಂಧ ಕೂಡಿಬರದೆ ಹೋದೀತೆಂದು ಬಾಯಿ ಬಿಡುವುದಿಲ್ಲ.

ಸರ್ಕಾರ ಕೈಕಟ್ಟಿ ಕುಳಿತಿದೆಯೆನ್ನಲಾರೆ. 2021ರ ವಿರಳ ರೋಗಗಳ ರಾಷ್ಟ್ರೀಯ ನೀತಿಯಡಿ ನಮಗೆ ಸಮೀಪದ, ಪರೇಲಿನ ಕೆ.ಇ.ಎಂ. ಆಸ್ಪತ್ರೆಯೂ ಬೆಂಗಳೂರಿನ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಸಂಸ್ಥೆಯೂ ಉತ್ಕೃಷ್ಟತಾ ಕೇಂದ್ರಗಳಾಗಿವೆ. ಗೊತ್ತುಪಡಿಸಿದ ರೋಗಗಳಿಗೆ 50 ಲಕ್ಷ ರೂಪಾಯಿವರೆಗೆ ನೆರವಿದೆ. ಬಾಳಿಡೀ ದುಬಾರಿ ಔಷಧ ಬೇಕಾದವರಿಗೆ ಅದೂ ಬೇಗ ಕರಗುವ ಮೊತ್ತ. ಆದರೆ ರೋಗದ ಹೆಸರೇ ತಿಳಿಯದವನು ಆ ಬಾಗಿಲಿಗೆ ಹೋಗುವುದಾದರೂ ಹೇಗೆ?

ಆದುದರಿಂದ ನನ್ನ ವಿನಂತಿ ಇಷ್ಟೇ. ಮುಂದಿನ ಸಲ ಊರ ಜಾತ್ರೆಗೆ ಹೋದಾಗ ಮೂರು ತಲೆಮಾರಿನ ವಿವರ ಕೇಳಿ ಬರೆದಿಡಿ: ಯಾರು ಕುಂಟುತ್ತಿದ್ದರು, ಯಾರು ಎಳೆವಯಸ್ಸಿನಲ್ಲಿ ಕಣ್ಣು ಕಳೆದುಕೊಂಡರು, ಯಾವ ಹಸುಗೂಸು ಕಾರಣ ತಿಳಿಯದೆ ತೀರಿಕೊಂಡಿತು, ಸೋದರಸಂಬಂಧದಲ್ಲಿ ಎಷ್ಟು ಮದುವೆಗಳಾದವು. ಇದರಿಂದ ಮನೆತನದ ಮರ್ಯಾದೆ ಹೋಗುವುದಿಲ್ಲ. ಬಲ್ಲ ಹಿರಿಯರು ಇನ್ನೂ ನಮ್ಮೊಡನಿದ್ದಾರೆ, ಈಗಲೇ ಕೇಳೋಣ.