ಹರಿಯುತ್ತಾ ಆಗುವ ರಸಾಯನ



ನಾನು ಸಂಶೋಧನೆಗೆ ಸೇರಿದ ಮೊದಲ ವರ್ಷದ ಮಾತು. ಒಂದು ಮಧ್ಯಾಹ್ನ ನೈಟ್ರೇಷನ್ ಎಂಬ ಕ್ರಿಯೆ ಮಾಡುತ್ತಿದ್ದೆ. ಒಂದು ಲೀಟರಿನ ದುಂಡು ತಳದ ಫ್ಲಾಸ್ಕು, ಅದರಲ್ಲಿ ನೈಟ್ರಿಕ್ ಆಮ್ಲ ಮತ್ತು ಗಂಧಕಾಮ್ಲದ ಮಿಶ್ರಣ, ಸುತ್ತ ಐಸು ತುಂಬಿದ ಟಬ್ಬು, ಮೇಲಿನಿಂದ ತೊಟ್ಟು ತೊಟ್ಟಾಗಿ ಬೀಳುವ ಇನ್ನೊಂದು ದ್ರವ. ಉಷ್ಣತೆ 5 ಡಿಗ್ರಿ ದಾಟಬಾರದು ಎಂದು ಹೇಳಿದ್ದರು. ಒಂದು ಗಂಟೆ ಮಿಸುಕಾಡದೆ ನಿಂತಿದ್ದ ಥರ್ಮಾಮೀಟರಿನ ಪಾದರಸ 8ಕ್ಕೆ ಬಂತು, ಐಸು ಸುರಿದೆ. 15ಕ್ಕೆ ಬಂತು, ಹನಿ ಬೀಳುವುದನ್ನು ನಿಲ್ಲಿಸಿದೆ. ನಿಲ್ಲಿಸಿದ ಮೇಲೂ ಅದು ಏರುತ್ತಲೇ ಇತ್ತು. ಫ್ಲಾಸ್ಕಿನ ಕುತ್ತಿಗೆಯಲ್ಲಿ ಕಂದು ಹೊಗೆ ಕಾಣಿಸಿತು. ಹಿಂದಿನಿಂದ ಬಂದ ನಮ್ಮ ಮೇಷ್ಟ್ರು ಫ್ಯೂಮ್ ಹುಡ್ಡಿನ ಗಾಜನ್ನು ಸರ್ರನೆ ಕೆಳಗೆಳೆದು, "ಎಲ್ಲರೂ ಆಚೆ ನಡೀರಿ" ಅಂದರು. ಕಾರಿಡಾರಿನಲ್ಲಿ ನಿಂತವರಿಗೆ ಫ್ಲಾಸ್ಕಿನ ಬಿರಡೆ ಹಾರಿ ಗಾಜಿಗೆ ಬಡಿದ ಸದ್ದು ಕೇಳಿಸಿತು. ಯಾರಿಗೂ ಏನೂ ಆಗಲಿಲ್ಲ.

ತಪ್ಪು ಎಲ್ಲಿ ಆಗಿತ್ತು ಎಂಬುದು ಆಮೇಲೆ ಗೊತ್ತಾಯಿತು. ಫ್ಲಾಸ್ಕಿನ ತಳದಲ್ಲಿ ತಿರುಗುತ್ತಾ ಕಲಕುವ ಮ್ಯಾಗ್ನೆಟ್ಟು ನಡುವೆ ಸ್ವಲ್ಪ ಹೊತ್ತು ನಿಂತುಹೋಗಿತ್ತು. ಆ ಹೊತ್ತಿನಲ್ಲಿ ಬಿದ್ದ ಹನಿಗಳೆಲ್ಲ ಆಮ್ಲದ ಜೊತೆ ಬೆರೆಯದೆ ಮೇಲೆಯೇ ಶೇಖರವಾಗಿದ್ದವು. ಮ್ಯಾಗ್ನೆಟ್ಟು ಮತ್ತೆ ತಿರುಗಿದಾಗ ಅಷ್ಟೂ ಒಟ್ಟಿಗೆ ಬೆರೆತು, ಅಷ್ಟೂ ಶಾಖ ಒಟ್ಟಿಗೆ ಹೊರಬಂತು. ಸಾಯಂಕಾಲ ಮೇಷ್ಟ್ರು ಬೈಯಲಿಲ್ಲ. ಒಂದೇ ಒಂದು ಪ್ರಶ್ನೆ ಕೇಳಿದರು: "ಆ ಗಳಿಗೆಯಲ್ಲಿ ಫ್ಲಾಸ್ಕಿನೊಳಗೆ ಎಷ್ಟಿತ್ತು?"

ಆ ಪ್ರಶ್ನೆಗೆ ಒಂದು ಒಳ್ಳೆಯ ಉತ್ತರ ಕೊಡುವ ವಿದ್ಯೆಯ ಹೆಸರು ಫ್ಲೋ ಕೆಮಿಸ್ಟ್ರಿ. ಕ್ರಿಯೆ ಆಗಬೇಕಾದ ವಸ್ತುಗಳನ್ನೆಲ್ಲ ಒಂದು ಪಾತ್ರೆಗೆ ಸುರಿದು ಕಾಯುವ ಬದಲು ಸಣ್ಣ ಕೊಳವೆಯಲ್ಲಿ ಹರಿಯಬಿಡುವುದು, ಹರಿಯುತ್ತಿರುವಾಗಲೇ ಕ್ರಿಯೆ ಮುಗಿಸುವುದು. ಈ ಹೊತ್ತು ಅದರ ಸಲಕರಣೆಯ ಬಗ್ಗೆ, ಪ್ರಯೋಗಾಲಯಗಳಲ್ಲಿ ಅದು ಏನೇನು ಮಾಡಿದೆ ಎಂಬುದರ ಬಗ್ಗೆ ಮಾತಾಡುತ್ತೇನೆ.

ಮೊದಲು ಸಲಕರಣೆ. ಆಸ್ಪತ್ರೆಯ ಐಸಿಯುನಲ್ಲಿ ರೋಗಿಯ ಪಕ್ಕದಲ್ಲಿ ಸಿರಿಂಜನ್ನು ನಿಧಾನವಾಗಿ, ಒಂದೇ ಸಮನೆ ತಳ್ಳುವ ಪುಟ್ಟ ಯಂತ್ರವೊಂದನ್ನು ನೀವು ನೋಡಿರಬಹುದು. ಸಿರಿಂಜ್ ಪಂಪು ಎನ್ನುತ್ತಾರೆ. ಅಂಥ ಎರಡು ಪಂಪುಗಳು ಬೇಕು, ಎರಡು ದ್ರಾವಣಗಳಿಗೆ. ಎರಡರಿಂದಲೂ ಹೊರಟ ಕೊಳವೆಗಳು ಇಂಗ್ಲಿಷಿನ 'ಟಿ' ಅಕ್ಷರದಂತಿರುವ, ಬೆರಳ ತುದಿಯಷ್ಟು ದೊಡ್ಡ ಜೋಡಣೆಯೊಂದರಲ್ಲಿ ಸೇರುತ್ತವೆ. ಅಲ್ಲಿಂದ ಮುಂದಕ್ಕೆ ಒಂದೇ ಕೊಳವೆ. ಅದನ್ನು ಸುರುಳಿ ಸುತ್ತಿ ಬಿಸಿ ಎಣ್ಣೆಯಲ್ಲೋ ಐಸಿನಲ್ಲೋ ಮುಳುಗಿಸಿರುತ್ತಾರೆ. ಕೊಳವೆ ಸಾಮಾನ್ಯವಾಗಿ ಟೆಫ್ಲಾನ್ ಜಾತಿಯದು, ದೋಸೆ ಅಂಟದ ನಾನ್‌ಸ್ಟಿಕ್ ತವಾಕ್ಕೆ ಬಳಿದಿರುತ್ತಾರಲ್ಲ, ಆ ಕುಲದ್ದು. ಹೆಚ್ಚು ಶಾಖ, ಹೆಚ್ಚು ಒತ್ತಡ ಬೇಕಾದರೆ ಸ್ಟೀಲು. ಸುರುಳಿಯ ಕೊನೆಗೆ ಬ್ಯಾಕ್ ಪ್ರೆಶರ್ ರೆಗ್ಯುಲೇಟರ್ ಎಂಬ ಬಿಗಿ ಕವಾಟ, ಅದರಾಚೆ ಸಂಗ್ರಹಿಸುವ ಸೀಸೆ. ಇಷ್ಟೇ.

ಆ ಕವಾಟದ ಕೆಲಸ ನಮ್ಮ ಕುಕ್ಕರಿನ ವೆಯ್ಟ್ ಮಾಡುವ ಕೆಲಸವೇ. ಒಳಗೆ ಒತ್ತಡ ಕಾಯ್ದುಕೊಂಡರೆ ದ್ರವ ತನ್ನ ಕುದಿಯುವ ಬಿಂದು ದಾಟಿದರೂ ಕುದಿಯುವುದಿಲ್ಲ. ಮೆಥನಾಲು 65 ಡಿಗ್ರಿಗೆ ಕುದಿಯುತ್ತದೆ. ತೆರೆದ ಪಾತ್ರೆಯಲ್ಲಿ ಅದರಾಚೆಗೆ ಕಾಯಿಸಲು ಬರುವುದಿಲ್ಲ. ಕೊಳವೆಯಲ್ಲಿ 100 ಡಿಗ್ರಿ ದಾಟಿಸಬಹುದು. ಬೇಳೆ ಕುಕ್ಕರಿನಲ್ಲಿ ಬೇಗ ಬೇಯುವ ಹಾಗೆ, ಗಂಟೆಗಟ್ಟಲೆ ಹಿಡಿಯುತ್ತಿದ್ದ ಎಷ್ಟೋ ಕ್ರಿಯೆಗಳು ನಿಮಿಷಗಳಲ್ಲಿ ಮುಗಿಯುತ್ತವೆ.

ಈಗ ಸ್ವಲ್ಪ ಲೆಕ್ಕ. ಕೊಳವೆಯ ಒಳವ್ಯಾಸ 1 ಮಿಲಿಮೀಟರ್ ಎಂದಿಟ್ಟುಕೊಳ್ಳಿ. ಇದರಲ್ಲಿ ಒಂದು ಹನಿ ನೀರು ಸುಮಾರು 6 ಸೆಂಟಿಮೀಟರ್ ಉದ್ದಕ್ಕೆ ಚಾಚಿಕೊಳ್ಳುತ್ತದೆ. 10 ಮಿಲಿಲೀಟರ್ ಹಿಡಿಯಬೇಕಾದರೆ ಕೊಳವೆ 13 ಮೀಟರಿನಷ್ಟು ಉದ್ದ ಬೇಕು, ಒಂದು ಬಾವಿಯ ಹಗ್ಗದಷ್ಟು. ಪಂಪು ನಿಮಿಷಕ್ಕೆ 1 ಮಿಲಿಲೀಟರ್ ತಳ್ಳಿದರೆ ಪ್ರತಿ ಹನಿಯೂ ಒಳಗೆ ಕಳೆಯುವುದು 10 ನಿಮಿಷ. ಅದಕ್ಕೆ ರೆಸಿಡೆನ್ಸ್ ಟೈಮ್ ಎನ್ನುತ್ತಾರೆ. ನಾವು ವಾಸದ ಅವಧಿ ಎನ್ನೋಣ. ದಿನವಿಡೀ ಓಡಿಸಿದರೆ 1,440 ಮಿಲಿಲೀಟರ್ ಹಾದುಹೋಗುತ್ತದೆ, ಹತ್ತಿರ ಹತ್ತಿರ ಒಂದೂವರೆ ಲೀಟರು. ಆದರೆ ಯಾವ ಗಳಿಗೆಯಲ್ಲಿ ನೋಡಿದರೂ ಕ್ರಿಯೆ ನಡೆಯುತ್ತಿರುವುದು 10 ಮಿಲಿಲೀಟರಿನಲ್ಲಿ ಮಾತ್ರ, ಎರಡು ಟೀ ಚಮಚದಷ್ಟು. ಮೇಷ್ಟ್ರ ಪ್ರಶ್ನೆಗೆ ಉತ್ತರ ಅದು.

ಆ ಎರಡು ಚಮಚವೂ ಗೋಡೆಗೆ ಅಂಟಿಕೊಂಡೇ ಇರುತ್ತದೆ. ನನ್ನ ಲೀಟರ್ ಫ್ಲಾಸ್ಕಿನಲ್ಲಿ ಪ್ರತಿ ಮಿಲಿಲೀಟರ್ ದ್ರವಕ್ಕೆ ಶಾಖ ಬಿಟ್ಟುಕೊಡಲು ಸಿಗುತ್ತಿದ್ದ ಗಾಜಿನ ಗೋಡೆ ಅರ್ಧ ಚದರ ಸೆಂಟಿಮೀಟರ್. ಈ ಕೊಳವೆಯಲ್ಲಿ ಸಿಗುವುದು 40. ಎಂಬತ್ತು ಪಟ್ಟು! ಹುಟ್ಟಿದ ಶಾಖ ಹುಟ್ಟಿದಲ್ಲೇ ಹೊರಗಿನ ಐಸಿಗೆ ಹೋಗಿಬಿಡುತ್ತದೆ. ಮುಂದೆ ಎಷ್ಟೋ ವರ್ಷದ ಮೇಲೆ ಅದೇ ನೈಟ್ರೇಷನ್ನನ್ನು ಕೊಳವೆಯಲ್ಲಿ ಮಾಡಿದೆ. ಥರ್ಮಾಮೀಟರನ್ನೇ ನೋಡುತ್ತಾ ಕೂತಿದ್ದೆ, ಹಳೆಯ ಭಯ. ಒಂದು ಡಿಗ್ರಿಯೂ ಅಲ್ಲಾಡಲಿಲ್ಲ.

ನೈಟ್ರೇಷನ್ನಿನ ಈ ಭಯ ಹಳೆಯದು. 1847ರಲ್ಲಿ ಇಟಲಿಯ ಟ್ಯೂರಿನ್‌ನಲ್ಲಿ ಅಸ್ಕಾನಿಯೊ ಸೊಬ್ರೆರೊ ನೈಟ್ರೇಷನ್ನಿನಿಂದಲೇ ನೈಟ್ರೊಗ್ಲಿಸರಿನ್ ಎಂಬ ಸ್ಫೋಟಕ ತಯಾರಿಸಿದ. 1864ರಲ್ಲಿ ಸ್ಟಾಕ್‌ಹೋಮಿನಲ್ಲಿ ಅದನ್ನು ತಯಾರಿಸುತ್ತಿದ್ದ ನೊಬೆಲ್ ಕುಟುಂಬದ ಶೆಡ್ಡು ಸ್ಫೋಟಿಸಿ, ಆಲ್ಫ್ರೆಡ್ ನೊಬೆಲ್ಲನ ತಮ್ಮ ಎಮಿಲ್ ಸೇರಿದಂತೆ ಹಲವರು ಸತ್ತರು. ಅದೇ ನೈಟ್ರೊಗ್ಲಿಸರಿನ್ ಇಂದಿಗೂ ಎದೆನೋವಿನವರ ನಾಲಿಗೆಯಡಿ ಇಡುವ ಮಾತ್ರೆಯಲ್ಲಿದೆ. ನಮಗೆ ಬೇಕಾದ ವಸ್ತುವೇ ಅದು, ತಯಾರಿಸುವಾಗ ಒಂದೇ ಕಡೆ ಎಷ್ಟು ಗುಡ್ಡೆ ಹಾಕುತ್ತೇವೆ ಎಂಬುದರಲ್ಲಿ ಅಪಾಯ.

ಇದನ್ನು ಹೇಳುವಾಗ ಭೋಪಾಲವನ್ನು ನೆನೆಯದೆ ಇರಲಾರೆ. 1984ರ ಡಿಸೆಂಬರ್ 2ರ ರಾತ್ರಿ ಅಲ್ಲಿನ ಕಾರ್ಖಾನೆಯಿಂದ ಸೋರಿದ ಮಿಥೈಲ್ ಐಸೊಸಯನೇಟ್ ಎಂಬ ವಿಷ ಮಾರಾಟದ ಸರಕಾಗಿರಲಿಲ್ಲ. ಕೀಟನಾಶಕ ಮಾಡುವ ದಾರಿಯ ನಡುವೆ ಬರುವ ವಸ್ತು ಅದು. ನಡುದಾರಿಯ ವಸ್ತುವನ್ನು ಹತ್ತಾರು ಟನ್ನು ಕೂಡಿಟ್ಟಿದ್ದರು. ಬ್ರಿಟನ್ನಿನ ಸುರಕ್ಷತಾ ತಜ್ಞ ಟ್ರೆವರ್ ಕ್ಲೆಟ್ಜ್ 1970ರ ದಶಕದಲ್ಲೇ ಇದನ್ನು ಸಾರಿ ಹೇಳಿದ್ದ: ಅಪಾಯದ ವಸ್ತುವಿಗೆ ಗಟ್ಟಿ ಟ್ಯಾಂಕು ಕಟ್ಟುವುದಕ್ಕಿಂತ ಮೊದಲು, ಅಷ್ಟು ಇಟ್ಟುಕೊಳ್ಳಲೇಬೇಕೇ ಎಂದು ಕೇಳಿಕೊಳ್ಳಿ. ಭೋಪಾಲದ ನಂತರ ಅಮೆರಿಕದ ಡ್ಯುಪಾಂಟ್ ಕಂಪನಿ ಅದೇ ವಿಷವನ್ನು ಕೂಡಿಡದೆ, ಆಗಿಂದಾಗ ತಯಾರಿಸಿ ಆಗಿಂದಾಗಲೇ ಬಳಸಿ ಮುಗಿಸುವ ವಿಧಾನಕ್ಕೆ ಬದಲಾಯಿಸಿಕೊಂಡಿತು. ಮಾಡಲು ಬರುವಂಥದ್ದೇ ಆಗಿತ್ತು. ಅದನ್ನು ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಪ್ರಯೋಗಾಲಯದಲ್ಲಿ ಇದೇ ಉಪಾಯ ಇನ್ನೂ ಸಲೀಸು. ಡೈಯಾಜೊಮೀಥೇನ್ ಎಂಬ ಅನಿಲವನ್ನು ತೆಗೆದುಕೊಳ್ಳಿ. ವಿಷ, ಜೊತೆಗೆ ಸಿಡಿಯುವಂಥದ್ದು. ಆದರೆ ಬಲು ಉಪಯೋಗಿ. ಕೊಳವೆಯ ಮೊದಲ ತುದಿಯಲ್ಲಿ ಅದನ್ನು ಹುಟ್ಟಿಸಿ, ಅನಿಲ ಮಾತ್ರ ನುಸುಳಬಲ್ಲ ತೆಳು ಪೊರೆಯ ಮೂಲಕ ಪಕ್ಕದ ಹರಿವಿಗೆ ದಾಟಿಸಿದರೆ, ಸೀಸೆಗೆ ಬರುವ ಹೊತ್ತಿಗೆ ಅದು ಖರ್ಚಾಗಿ ಹೋಗಿರುತ್ತದೆ. ಹೈಡ್ರೋಜನ್ನಿನದೂ ಅದೇ ಕಥೆ. ಹಂಗೆರಿಯ ಬುಡಾಪೆಸ್ಟಿನ ಥೇಲ್ಸ್‌ನ್ಯಾನೊ ಕಂಪನಿಯ ಎಚ್-ಕ್ಯೂಬ್ ಎಂಬ ಮೇಜಿನ ಮೇಲಿಡುವ ಯಂತ್ರ ನೀರನ್ನು ವಿದ್ಯುತ್ತಿನಿಂದ ಒಡೆದು ಬೇಕಾದಷ್ಟೇ ಹೈಡ್ರೋಜನ್ ಮಾಡಿಕೊಳ್ಳುತ್ತದೆ. ಆಳೆತ್ತರದ ಸಿಲಿಂಡರು ಬೇಡ. ಕ್ರಿಯೆಯನ್ನು ಚುರುಕುಗೊಳಿಸುವ ಪಲ್ಲಾಡಿಯಂ ಪುಡಿ ಒಂದು ಪುಟ್ಟ ಸ್ಟೀಲು ಕೊಳವೆಯಲ್ಲಿ ಒತ್ತಾಗಿ ಕೂತಿರುತ್ತದೆ. ಫಿಲ್ಟರಿನ ಮೇಲಿನ ಬಟ್ಟಲಲ್ಲಿ ಕಾಫಿಪುಡಿ ಕೂತಲ್ಲೇ ಕೂತಿದ್ದು ನೀರು ಇಳಿದು ಡಿಕಾಕ್ಷನ್ ಆಗುವುದಿಲ್ಲವೇ, ಹಾಗೆ. ಹಳೆಯ ಪದ್ಧತಿಯಲ್ಲಿ ಆ ಪುಡಿಯನ್ನು ಸೋಸಿ ತೆಗೆಯುವಾಗ, ಒಣಗಿದರೆ ತಟ್ಟನೆ ಬೆಂಕಿ ಹೊತ್ತಿಕೊಳ್ಳುತ್ತಿತ್ತು. ಇಲ್ಲಿ ಸೋಸುವ ಕೆಲಸವೇ ಇಲ್ಲ.

2015ರಲ್ಲಿ ಟೋಕಿಯೊದ ಶೂ ಕೊಬಯಾಶಿ ತಂಡ ಇಂಥ ಪುಡಿ ತುಂಬಿದ ಕೊಳವೆಗಳನ್ನೇ ಒಂದರ ಹಿಂದೆ ಒಂದು ಜೋಡಿಸಿ, ರೋಲಿಪ್ರಾಮ್ ಎಂಬ ಔಷಧ ವಸ್ತುವನ್ನು ನಡುವೆ ಎಲ್ಲೂ ನಿಲ್ಲಿಸದೆ ತಯಾರಿಸಿತು.

ಇನ್ನು ಬೆಳಕಿನಿಂದ ನಡೆಯುವ ಕ್ರಿಯೆಗಳ ವಿಷಯಕ್ಕೆ ಬರುತ್ತೇನೆ. ಸುಮಾರು ನೂರು ವರ್ಷದ ಹಿಂದೆ ಇಟಲಿಯ ಬೊಲೋನ್ಯಾದಲ್ಲಿ ಜಾಕೊಮೊ ಚಾಮಿಚಿಯನ್ ಎಂಬ ವಿಜ್ಞಾನಿ ಮಾಳಿಗೆಯ ಮೇಲೆ ಗಾಜಿನ ಪಾತ್ರೆಗಳನ್ನು, ನಾವು ಸಂಡಿಗೆ ಒಣಗಲು ಇಟ್ಟಂತೆ, ಸಾಲಾಗಿ ಬಿಸಿಲಿಗಿಡುತ್ತಿದ್ದ. ಬಿಸಿಲಿನಿಂದಲೇ ರಸಾಯನ ಉದ್ಯಮ ನಡೆಯುವ ದಿನ ಬರಬೇಕು ಎಂದು 1912ರಲ್ಲಿ ಅವನು ಹೇಳಿದ. ತೊಡಕು ಒಂದಿತ್ತು: ಬಣ್ಣದ ದ್ರಾವಣದಲ್ಲಿ ಬೆಳಕು ಆಳಕ್ಕೆ ಇಳಿಯುವುದಿಲ್ಲ, ಮೇಲ್ಪದರದಲ್ಲೇ ಹೀರಿಹೋಗುತ್ತದೆ. ಪಾತ್ರೆ ದೊಡ್ಡದಾದಷ್ಟೂ ಒಳಗೆ ಕತ್ತಲೆ. ಮಿಲಿಮೀಟರಿನ ಪಾರದರ್ಶಕ ಕೊಳವೆಯಲ್ಲಾದರೋ ಕತ್ತಲೆಗೆ ಜಾಗವೇ ಇಲ್ಲ. ಜರ್ಮನಿಯ ಪಾಟ್ಸ್‌ಡಾಮಿನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯಲ್ಲಿ ಪೀಟರ್ ಸೀಬರ್ಗರ್ ಮತ್ತು ಫ್ರಾಂಸ್ವಾ ಲೆವೆಕ್ ಇಂಥ ಕೊಳವೆಯನ್ನು ದೀಪದ ಸುತ್ತ ಸುತ್ತಿ, ಆಮ್ಲಜನಕ ಬೆರೆಸಿ ಹರಿಸಿ, 2012ರಲ್ಲಿ ಮಲೇರಿಯಾದ ಔಷಧ ಆರ್ಟೆಮಿಸಿನಿನ್ ತಯಾರಿಸಿ ತೋರಿಸಿದರು. ಚೀನಾದ ತೂ ಯೂಯೂ ಅವರಿಗೆ 2015ರಲ್ಲಿ ನೊಬೆಲ್ ತಂದದ್ದು ಇದೇ ಔಷಧ. ಅಲ್ಲಿಯವರೆಗೆ ಅದು ಹೆಚ್ಚಾಗಿ ಬರುತ್ತಿದ್ದುದು ಗಿಡದಿಂದಲೇ, ಬೆಳೆ ಕೈಕೊಟ್ಟರೆ ಔಷಧಕ್ಕೂ ತತ್ವಾರ.

ನನಗೆ ಎಲ್ಲಕ್ಕಿಂತ ಬೆರಗು ಹುಟ್ಟಿಸುವುದು ಕಾಲದ ವಿಷಯ. ಫ್ಲಾಸ್ಕಿನಲ್ಲಿ ಕಾಲ ಅಳೆಯುವುದು ಗಡಿಯಾರದಿಂದ. ಕೊಳವೆಯಲ್ಲಿ ಕಾಲ ಅಳೆಯುವುದು ಸ್ಕೇಲಿನಿಂದ! ಹರಿವಿನ ವೇಗ ಒಂದೇ ಸಮನಿದ್ದರೆ, ಮೊದಲ ಜೋಡಣೆಯಿಂದ ಇಷ್ಟು ದೂರ ಅಂದರೆ ಇಷ್ಟು ಸಮಯ. ಮೂರನೆಯ ವಸ್ತುವನ್ನು ಅರ್ಧ ಸೆಕೆಂಡಿಗೆ ಸೇರಿಸಬೇಕೆಂದರೆ ಅಷ್ಟು ದೂರದಲ್ಲಿ ಇನ್ನೊಂದು ಜೋಡಣೆ ಇಟ್ಟರಾಯಿತು. ಕೆಲವು ಲಿಥಿಯಂ ಸಂಯುಕ್ತಗಳು ಹುಟ್ಟಿ ಕಣ್ಣೆವೆ ಮಿಟುಕುವುದರೊಳಗೆ ರೂಪ ಬದಲಿಸಿಕೊಂಡುಬಿಡುತ್ತವೆ. ಮನುಷ್ಯನ ಕೈ ಅಷ್ಟು ಬೇಗ ಇನ್ನೊಂದು ವಸ್ತು ಸುರಿಯಲಾರದು. ಜಪಾನಿನ ಕ್ಯೋಟೋದ ಜುನ್-ಇಚಿ ಯೋಶಿದಾ ಅವರು ಈ ಜಾತಿಯ ಕ್ರಿಯೆಗಳನ್ನು ಹಿಡಿಯಲು ಹಠ ತೊಟ್ಟು ದುಡಿದರು. 2016ರಲ್ಲಿ ಅವರೂ ಕೊರಿಯಾದ ಡಾಂಗ್-ಪ್ಯೋ ಕಿಮ್ ಅವರೂ ಸೇರಿ ಪ್ರಕಟಿಸಿದ ಕೆಲಸದಲ್ಲಿ ವಾಸದ ಅವಧಿ ಸೆಕೆಂಡಿನ ಮೂರು ಸಾವಿರದಲ್ಲೊಂದು ಪಾಲು. ಅಷ್ಟರಲ್ಲಿ ಅಣು ರೂಪ ಬದಲಿಸುವ ಮೊದಲೇ ಅದನ್ನು ಹಿಡಿದುಹಾಕಿದರು.

ಅಷ್ಟು ಬೇಗ ಎರಡು ದ್ರವ ಬೆರೆಯುವುದು ಹೇಗೆ? ಸಣ್ಣ ಕೊಳವೆಯಲ್ಲಿ ದ್ರವಗಳು ಸುಳಿಯಿಲ್ಲದೆ, ಅಕ್ಕಪಕ್ಕದ ಎರಡು ದಾರದಂತೆ ಸಾಗುತ್ತವೆ. ಬೆರೆಯುವುದು ಅಣುಗಳು ಅಡ್ಡಡ್ಡ ಅಲೆದಾಡಿದಾಗ ಮಾತ್ರ. 1 ಮಿಲಿಮೀಟರ್ ದಾಟಲು ಅವಕ್ಕೆ ಕಾಲು ಗಂಟೆ ಬೇಕಾಗುತ್ತದೆ. ಅದರ ಹತ್ತನೇ ಒಂದು ಪಾಲಿಗೆ ಹತ್ತೇ ಸೆಕೆಂಡು. ಅಗಲ ಹತ್ತು ಪಟ್ಟು ಕಿರಿದಾದರೆ ಸಮಯ ನೂರು ಪಟ್ಟು ಕಡಿಮೆ. ಕೂದಲಿನಂಥ ಕಾಲುವೆಗಳನ್ನು ಕೊರೆದ ಚಿಪ್‌ಗಳು ಹುಟ್ಟಿದ್ದು ಈ ಕಾರಣಕ್ಕೆ.

ಇನ್ನು ಹೆಚ್ಚು ಬೇಕು ಎಂದಾಗ ಏನು ಮಾಡುವುದು? ಮನೆಮಂದಿಗೆ ಚೆನ್ನಾಗಿ ಉಪ್ಪಿಟ್ಟು ಮಾಡುವವರೂ ಸಾವಿರ ಜನದ ಮದುವೆಮನೆಯ ಕೊಪ್ಪರಿಗೆಯ ಮುಂದೆ ನಿಂತರೆ ತಬ್ಬಿಬ್ಬಾಗುತ್ತಾರೆ. ತಳ ಸೀಯುತ್ತದೆ, ಮೇಲೆ ಹಸಿ ಉಳಿಯುತ್ತದೆ. ರಸಾಯನಶಾಸ್ತ್ರಜ್ಞರ ಪಾಡೂ ಅದೇ. ಕೊಳವೆಯಲ್ಲಿ ಹದ ಸಿಕ್ಕಿದ ಮೇಲೆ ಹೆಚ್ಚು ಹೊತ್ತು ಓಡಿಸಬಹುದು, ಇಲ್ಲವೇ ಪಕ್ಕದಲ್ಲಿ ಅಂಥದೇ ಇನ್ನೊಂದು ಸುರುಳಿ ಇಡಬಹುದು. ಅಮೆರಿಕದ ಎಂಐಟಿಯಲ್ಲಿ ಟಿಮತಿ ಜೇಮಿಸನ್, ಕ್ಲಾವ್ಸ್ ಜೆನ್ಸನ್, ಆಲನ್ ಮೈಯರ್ಸನ್ ತಂಡ 2016ರಲ್ಲಿ ಫ್ರಿಜ್ಜಿನಷ್ಟು ದೊಡ್ಡ ಯಂತ್ರವೊಂದರಲ್ಲಿ ಹಲ್ಲಿನ ಡಾಕ್ಟರು ಮರಗಟ್ಟಿಸಲು ಬಳಸುವ ಲಿಡೊಕೇಯ್ನ್ ಸೇರಿ ನಾಲ್ಕು ಔಷಧಗಳನ್ನು ತಯಾರಿಸಿ ತೋರಿಸಿತು. ಅದಕ್ಕೂ ಹಿಂದಿನ ವರ್ಷ ಜೇಮಿಸನ್ ಅವರ ಪ್ರಯೋಗಾಲಯದಿಂದಲೇ ಮೂರು ನಿಮಿಷದಲ್ಲಿ ಐಬುಪ್ರೊಫೆನ್ ತಯಾರಿಸುವ ವಿಧಾನ ಬಂದಿತ್ತು. ನಮ್ಮಲ್ಲಿ ಪುಣೆಯ ರಾಷ್ಟ್ರೀಯ ರಸಾಯನಶಾಸ್ತ್ರ ಪ್ರಯೋಗಾಲಯದ ಅಮೋಲ್ ಕುಲಕರ್ಣಿ ಅವರು ಇಂಥ ರಿಯಾಕ್ಟರುಗಳ ಮೇಲೆ ವರ್ಷಾನುಗಟ್ಟಲೆ ದುಡಿದಿದ್ದಾರೆ. 2020ರ ಭಟ್ನಾಗರ್ ಪ್ರಶಸ್ತಿ ಅವರಿಗೆ ಸಂದಿತು.

ಕೊಳವೆಯ ದೊಡ್ಡ ಶತ್ರು ಯಾವುದು ಗೊತ್ತೇ? ಗಟ್ಟಿ ವಸ್ತು. ಕ್ರಿಯೆಯಲ್ಲಿ ಒಂದಿಷ್ಟು ಉಪ್ಪು ಹರಳುಗಟ್ಟಿತೋ, ಕೊಳವೆ ಕಟ್ಟಿಕೊಂಡಿತು. ಹನಿ ನೀರಾವರಿ ಹಾಕಿಸಿದ ರೈತರಿಗೆ ಈ ಸಂಕಟವನ್ನು ಬಿಡಿಸಿ ಹೇಳಬೇಕಾಗಿಲ್ಲ. ಪಂಪಿನ ಒತ್ತಡದ ಅಂಕಿ ಮೆಲ್ಲನೆ ಏರುತ್ತಿದೆ ಎಂದರೆ ಎಲ್ಲೋ ಕೂಡಿಕೊಳ್ಳುತ್ತಿದೆ ಎಂದರ್ಥ. ಉಪ್ಪು ಕರಗುವ ದ್ರಾವಕ ಹುಡುಕುತ್ತೇವೆ, ನಡುವೆ ನೀರು ಸೇರಿಸುತ್ತೇವೆ, ಸುರುಳಿಯನ್ನು ಅಲ್ಟ್ರಾಸೌಂಡ್ ತೊಟ್ಟಿಯಲ್ಲಿಟ್ಟು ಅದುರಿಸುತ್ತೇವೆ. ಕೆಲವು ಸಲ ಏನು ಮಾಡಿದರೂ ಆಗುವುದಿಲ್ಲ, ಫ್ಲಾಸ್ಕಿಗೇ ಮರಳುತ್ತೇವೆ. ಎರಡು ದಿನ ಹಿಡಿಯುವ ಸಾವಧಾನದ ಕ್ರಿಯೆಗೂ ಫ್ಲಾಸ್ಕೇ ಸರಿ, ಅದರಲ್ಲಿ ಅವಮಾನವೇನಿಲ್ಲ.

ದುಬಾರಿ ಎಂಬ ಮಾತೂ ಕೇಳುತ್ತೇನೆ. ಸಿದ್ಧ ಯಂತ್ರಗಳಿಗೆ ಲಕ್ಷಗಟ್ಟಲೆ ಬೇಕು, ನಿಜ. ಆದರೆ ಕಾಲೇಜು ಪ್ರಯೋಗಾಲಯದಲ್ಲಿ ಎರಡು ಸಿರಿಂಜ್ ಪಂಪು, ಕೆಲವು ಮೀಟರ್ ಟೆಫ್ಲಾನ್ ಕೊಳವೆ, ಒಂದು ಜೋಡಣೆ ಇದ್ದರೆ ಆರಂಭಿಸಬಹುದು. ನನ್ನ ವಿದ್ಯಾರ್ಥಿನಿಯೊಬ್ಬಳು ಮೊದಲ ಸುರುಳಿಯನ್ನು ಹಾರ್ಲಿಕ್ಸ್ ಬಾಟಲಿಯ ಸುತ್ತ ಸುತ್ತಿ, ದಾರದಿಂದ ಕಟ್ಟಿದ್ದಳು. ಒಳ್ಳೆಯ ಸುರುಳಿ. ಎರಡು ವರ್ಷ ನಡೆಯಿತು.

ಈಗಲೂ ಸಂಜೆ ಆರರ ಹೊತ್ತಿಗೆ ಅವಳು ಆಮ್ಲದ ಸಿರಿಂಜು ತೆಗೆದು ಶುದ್ಧ ದ್ರಾವಕದ ಸಿರಿಂಜು ಹಾಕುತ್ತಾಳೆ. ತುದಿಯಲ್ಲಿ ಹಳದಿ ಹನಿಗಳು ಬೀಳುತ್ತಿರುತ್ತವೆ. ಹತ್ತು ನಿಮಿಷಕ್ಕೆ ಬಣ್ಣ ತೆಳುವಾಗುತ್ತದೆ, ಇಪ್ಪತ್ತಕ್ಕೆ ನೀರಿನಷ್ಟು ತಿಳಿ. ಬಿಳಿ ಕಾಗದ ಹಿಂದೆ ಹಿಡಿದು ಇನ್ನೊಮ್ಮೆ ನೋಡಿ, ಪಂಪಿನ ಸ್ವಿಚ್ಚು ಆರಿಸುತ್ತಾಳೆ.