ಬುದ್ಧಿಶಕ್ತಿಯ ಅಂಕಿಯನ್ನು ಎಷ್ಟು ನಂಬಬೇಕು?

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆಯ ತಂದೆತಾಯಂದಿರು ಕಲಿಕೆಯಲ್ಲಿ ಹಿಂದುಳಿದ ಮಗುವನ್ನು ಕರೆದುಕೊಂಡು ಘಟ್ಟ ದಾಟಿ, ಇಲ್ಲವೇ ಧಾರವಾಡದವರೆಗೆ ಹೋಗಿ ಬುದ್ಧಿಶಕ್ತಿಯ ಪರೀಕ್ಷೆ ಮಾಡಿಸುತ್ತಾರೆ. ವರದಿಯಲ್ಲಿ ಒಂದು ಅಂಕಿ ಬರುತ್ತದೆ, 72 ಎಂದಿಟ್ಟುಕೊಳ್ಳಿ. ಪ್ರಮಾಣಪತ್ರ, ಶಾಲೆಯ ರಿಯಾಯಿತಿ, ಮನೆಯವರ ಆಸೆ ಎಲ್ಲವೂ ಅದಕ್ಕೆ ಜೋತುಬೀಳುತ್ತವೆ.

ಆ ಅಂಕಿಯನ್ನು ನಂಬುವ ಮುನ್ನ ಎರಡು ಪ್ರಶ್ನೆ ಕೇಳಬೇಕು. ಅಡಿಕೆ ಚೀಲವನ್ನು ಎಷ್ಟು ಸಲ ತೂಗಿದರೂ ಒಂದೇ ತೂಕ ಬಂದರೆ ಆ ತಕ್ಕಡಿ ವಿಶ್ವಸನೀಯ. ಆದರೆ ತೂಕ ನೋಡಿ ಒಳಗಿರುವುದು ರಾಶಿಯೋ ಚಾಲಿಯೋ ಎಂದು ತೀರ್ಮಾನಿಸಲಾಗದು. ಕೇಳಿದ್ದನ್ನೇ ಅಳೆಯುತ್ತಿದೆಯೇ ಎಂಬ ಈ ಎರಡನೆಯ ಪ್ರಶ್ನೆಯನ್ನು ಶಿಕ್ಷಕರ ತರಬೇತಿಯಲ್ಲಿ ಸಪ್ರಮಾಣತೆ ಎನ್ನುತ್ತಾರೆ.

ವಿಶ್ವಸನೀಯತೆಗೆ ಗಣಿತದ ಬುನಾದಿ ಹಾಕಿದವರು ಲಂಡನ್ನಿನ ಚಾರ್ಲ್ಸ್ ಸ್ಪಿಯರ್‌ಮನ್. ಆ ಗಣಿತ ಹೇಳುವುದು ಇಷ್ಟು: ವಿಶ್ವಸನೀಯತೆ 0.90 ಇರುವ ಒಳ್ಳೆಯ ಪರೀಕ್ಷೆಯಲ್ಲಿ, ಮಾನಕ ವಿಚಲನೆ 15 ಆಗಿದ್ದರೆ, 72 ಎಂದರೆ ಮಗುವಿನ ನಿಜವಾದ ಅಂಕ ಸುಮಾರು 63ರಿಂದ 81ರೊಳಗೆ ಎಲ್ಲಾದರೂ ಇರಬಹುದು. ಬೌದ್ಧಿಕ ಅಸಾಮರ್ಥ್ಯದ ಗೆರೆ ಸಾಮಾನ್ಯವಾಗಿ 70ರ ಹತ್ತಿರ. ಒಂಟಿ ಅಂಕಿಯ ಮೇಲೆ ಮಗುವನ್ನು ಗೆರೆಯ ಆಚೆಗೋ ಈಚೆಗೋ ಹಾಕುವುದು ಅನ್ಯಾಯ.

ನಮ್ಮ ಕಡೆಯ ಸಮಸ್ಯೆ ಇನ್ನೂ ಆಳದ್ದು. ಪ್ಯಾರಿಸ್ಸಿನ ಆಲ್ಫ್ರೆಡ್ ಬಿನೆ ಮತ್ತು ಸಿಮೊನ್ 1905ರಲ್ಲಿ ರಚಿಸಿದ ಪರೀಕ್ಷೆಯನ್ನು ಕನ್ನಡ, ಮರಾಠಿ ಮಾತಾಡುವ ಮಕ್ಕಳಿಗೆ ಒಗ್ಗಿಸಿದವರು ವಿ. ವಿ. ಕಾಮತ್. ಧಾರವಾಡದ ಮಕ್ಕಳ ಮೇಲೆ ಪ್ರಯೋಗಿಸಿ 1934ರಲ್ಲಿ ಪ್ರಕಟಿಸಿದರು. ಪ್ರಶ್ನೆಗಳನ್ನು ಸುಮ್ಮನೆ ಭಾಷಾಂತರಿಸದೆ, ಯಾವ ವಯಸ್ಸಿನ ಮಗು ಯಾವುದಕ್ಕೆ ಉತ್ತರಿಸುತ್ತದೆಂದು ಇಲ್ಲಿಯೇ ನೋಡಿದ ಆ ಶ್ರಮ ದೊಡ್ಡದು. ಬಿನೆ-ಕಾಮತ್ ಪರೀಕ್ಷೆ ಇವತ್ತಿಗೂ ದೇಶದ ಎಷ್ಟೋ ಚಿಕಿತ್ಸಾಲಯಗಳಲ್ಲಿ ಬಳಕೆಯಲ್ಲಿದೆ.

ತೊಂದರೆ ಇರುವುದು ಅಲ್ಲಿಯೇ. ಒಂದು ತಲೆಮಾರಿನಿಂದ ಇನ್ನೊಂದಕ್ಕೆ ಮಕ್ಕಳ ಅಂಕ ಏರುತ್ತ ಹೋಗುವುದು ಅನೇಕ ದೇಶಗಳಲ್ಲಿ ಕಂಡುಬಂದ ಸಂಗತಿ. ಹಳೆಯ ಮಾನದಂಡಕ್ಕೆ ಇಂದಿನ ಮಗುವನ್ನು ಹೋಲಿಸಿದರೆ ಅಂಕ ಉಬ್ಬುತ್ತದೆ. ನಿಜವಾಗಿ ನೆರವು ಬೇಕಾದ ಮಗು ನೆರವಿನಿಂದ ತಪ್ಪಿಹೋಗುತ್ತದೆ. ಇದಕ್ಕೆ ತಿರುಗುಮುರುಗಾಗಿ, ಯಲ್ಲಾಪುರದ ಕಾಡಿನಂಚಿನ ಸಿದ್ದಿ ಮಗು ಮನೆಯಲ್ಲಿ ಆಡುವುದು ಕೊಂಕಣಿ, ಗೌಳಿವಾಡದ ಮಗುವಿನದು ಮರಾಠಿಯ ಒಂದು ರೂಪ. ಅಪರಿಚಿತರು ಪುಸ್ತಕದ ಕನ್ನಡದಲ್ಲಿ ಕೇಳಿದಾಗ ಆ ಮಗು ಮೌನವಾದರೆ ಸೊನ್ನೆ ಬೀಳುತ್ತದೆ. ಮರುಪರೀಕ್ಷೆಯಲ್ಲೂ ಅದೇ ಸೊನ್ನೆ ಬರಬಹುದು. ಎರಡು ಸಲವೂ ಅಳೆದದ್ದು ಕನ್ನಡವನ್ನು, ಬುದ್ಧಿಯನ್ನಲ್ಲ.

ಆದ್ದರಿಂದ ವರದಿ ಪಡೆಯುವಾಗ ಕೇಳಿ: ಪರೀಕ್ಷೆ ಯಾವುದು, ಮಾನದಂಡ ಯಾವ ಕಾಲದ್ದು, ಯಾವ ಭಾಷೆಯಲ್ಲಿ ಮಾಡಿದಿರಿ, ಅಂಕಿಯ ಹಿಂದುಮುಂದಿನ ಅಂತರ ಎಷ್ಟು? ಶಾಲೆಯವರೂ ಇದನ್ನು ಕೇಳಬೇಕು. ಜೊತೆಗೆ, ನಾಗಪುರದ ಮಾಲಿನ್ ಭಾರತಕ್ಕೆ ಹೊಂದಿಸಿದ ವೈನ್‌ಲ್ಯಾಂಡ್ ಸಾಮಾಜಿಕ ಪ್ರೌಢತಾ ಮಾಪನವನ್ನೂ ಮಾಡಿಸಿ. ಮಗು ತಾನೇ ಉಣ್ಣುತ್ತದೆಯೇ, ಬಟ್ಟೆ ತೊಡುತ್ತದೆಯೇ, ಒಂಟಿಯಾಗಿ ಓಡಾಡುತ್ತದೆಯೇ ಎಂದು ಅದು ಹೆತ್ತವರನ್ನು ವಿಚಾರಿಸುತ್ತದೆ. ತಾಯಿ ಕೊಂಕಣಿಯವಳಾದರೆ ಕೊಂಕಣಿ ಬಲ್ಲವರೊಬ್ಬರು ಪಕ್ಕದಲ್ಲಿರಲಿ ಎಂದು ಮೊದಲೇ ಹೇಳಿಡಿ.