ಒತ್ತಿದ ನೀರು ಎಲ್ಲಿಗೆ ಹೋಯಿತು?



ನೆಲದಾಳದ ಬಂಡೆಯನ್ನು ನೀರಿನ ಒತ್ತಡದಿಂದ ಸೀಳಿ ಎಣ್ಣೆ, ಗ್ಯಾಸ್ ತೆಗೆಯುವ ಫ್ರ್ಯಾಕಿಂಗ್‌ನಿಂದ ಲಾಭವೋ ಅಪಾಯವೋ ಎಂದು ಈ ಸಭೆಯ ಆಹ್ವಾನ ಪತ್ರಿಕೆ ಕೇಳಿದೆ. ಲಾಭದ ವಿಚಾರ ಬೇಗ ಮುಗಿಸುತ್ತೇನೆ, ಅದರಲ್ಲಿ ನನಗೆ ತಕರಾರಿಲ್ಲ. 1990ರ ದಶಕದ ಕೊನೆಗೆ ಟೆಕ್ಸಸ್‌ನ ಬಾರ್ನೆಟ್ ಶೇಲ್ ಶಿಲೆಯಿಂದ ಅಗ್ಗವಾಗಿ ಗ್ಯಾಸ್ ತೆಗೆಯುವ ದಾರಿಯನ್ನು ಜಾರ್ಜ್ ಮಿಚೆಲ್ ಅವರ ಕಂಪನಿ ಕಂಡುಕೊಂಡಿತು. ಅಡ್ಡಡ್ಡ ಕೊರೆಯುವ ವಿದ್ಯೆಯೂ ಜೊತೆಗೂಡಿತು. 2005ರಲ್ಲಿ ಅಮೆರಿಕದ ವಿದ್ಯುತ್ತಿನಲ್ಲಿ ಅರ್ಧದಷ್ಟು ಕಲ್ಲಿದ್ದಲಿನದು. 2020ರ ಹೊತ್ತಿಗೆ, ಬಹುಮಟ್ಟಿಗೆ ಈ ಗ್ಯಾಸಿನಿಂದಾಗಿ, ಅದು ಐದರಲ್ಲಿ ಒಂದು ಪಾಲಿಗೆ ಇಳಿದಿತ್ತು. ನಮಗೂ ಇದು ದೂರದ ಸುದ್ದಿಯಲ್ಲ. ಗೇಲ್ ಸಂಸ್ಥೆಯ ದೀರ್ಘಾವಧಿ ಒಪ್ಪಂದದ ಮೊದಲ ಗ್ಯಾಸ್ ಹಡಗು 2018ರ ಮಾರ್ಚ್‌ನಲ್ಲಿ ಲೂಯಿಸಿಯಾನಾದಿಂದ ದಾಭೋಳಕ್ಕೆ ಬಂತು, ದಾಭೋಳದಿಂದ ಬೆಂಗಳೂರಿಗೆ ಪೈಪ್‌ಲೈನ್ ಇದೆ.

ಮೀಥೇನ್ ಸೋರಿಕೆಯನ್ನು ಮುಂದಿನ ಸಾಲಿನಲ್ಲಿ ಕೂತಿರುವ ರಸಾಯನಶಾಸ್ತ್ರದ ಮೇಡಂ ಮಧ್ಯಾಹ್ನ ಎತ್ತಿಕೊಳ್ಳುತ್ತಾರೆ. ಕುಡಿಯುವ ನೀರಿನ ಬಗ್ಗೆ ನಮ್ಮ ಅಂತರ್ಜಲದ ಮಿತ್ರರಿದ್ದಾರೆ. ಅವರ ಗದ್ದೆಗೆ ನಾನು ಕಾಲಿಡುವುದಿಲ್ಲ. ನನ್ನ ಪಾಲಿಗೆ ಬಂದದ್ದು ನೆಲದ ಕಂಪನ.

ಹಿಂದೊಮ್ಮೆ ಬಾಗೇಪಲ್ಲಿ ಕಡೆಯ ಹಳ್ಳಿಯೊಂದರಲ್ಲಿ ಬತ್ತಿದ ಬೋರ್‌ವೆಲ್‌ಗೆ ಹೈಡ್ರೋಫ್ರ್ಯಾಕ್ಚರಿಂಗ್ ಮಾಡುವಾಗ ನಾನಿದ್ದೆ. ತತ್ತ್ವ ಫ್ರ್ಯಾಕಿಂಗ್‌ನದೇ, ಅಳತೆ ಮಾತ್ರ ತೀರಾ ಸಣ್ಣದು: ನೀರನ್ನು ಜೋರಾಗಿ ಒತ್ತಿ ಗಟ್ಟಿ ಬಂಡೆಯ ಬಿರುಕು ತೆರೆಯುವುದು. ನೋಡುತ್ತಿದ್ದ ಹಿರಿಯರೊಬ್ಬರು, "ಅಷ್ಟು ನೀರು ಒಳಕ್ಕೆ ಹೊಡೆದ್ರಲ್ಲ ಸ್ವಾಮಿ, ಎಲ್ಲೋಯ್ತು?" ಅಂದರು. "ಬಿರುಕಿಗೆ" ಎಂದ ಎಂಜಿನಿಯರ್. "ಬಿರುಕು ಎಲ್ಲೋಯ್ತು?" ಎಲ್ಲರೂ ನಕ್ಕೆವು. ನನ್ನ ವಿಷಯದ ಇಡೀ ತೊಡಕು ಆ ಎರಡನೇ ಪ್ರಶ್ನೆಯಲ್ಲಿದೆ.

ಅಮೆರಿಕದ ಒಕ್ಲಹೋಮಾ ರಾಜ್ಯ ನೋಡಿ. 2009ಕ್ಕೆ ಮುಂಚೆ ಅಲ್ಲಿ ಮ್ಯಾಗ್ನಿಟ್ಯೂಡ್ 3ಕ್ಕಿಂತ ದೊಡ್ಡ ಕಂಪನ ವರ್ಷಕ್ಕೆ ಒಂದೋ ಎರಡೋ. 2015ರಲ್ಲಿ ಸುಮಾರು 900. 2016ರ ಸೆಪ್ಟೆಂಬರ್‌ನಲ್ಲಿ ಪಾನೀ ಪಟ್ಟಣದ ಬಳಿ 5.8ರ ಭೂಕಂಪ. ಪತ್ರಿಕೆಗಳು ಫ್ರ್ಯಾಕಿಂಗ್ ಎಂದು ಕೂಗಿದವು. ಬಹುಪಾಲು ಕಂಪನಗಳಿಗೆ ಕಾರಣ ಅದಲ್ಲ. ಎಣ್ಣೆ, ಗ್ಯಾಸಿನ ಜೊತೆ ಮೇಲೆ ಬಂದ ಉಪ್ಪುನೀರನ್ನು ಬೇರೆ ಬಾವಿಗಳ ಮೂಲಕ ಆಳದ ಆರ್ಬಕಲ್ ಶಿಲಾಪದರಕ್ಕೆ ತುಂಬುತ್ತಿದ್ದರು. ಆ ಒತ್ತಡ ಹಳೆಯ ಸ್ತರಭಂಗಗಳನ್ನು (ಬಂಡೆ ಜಾರುವ ಬಿರುಕುಗಳನ್ನು) ತಲುಪಿತು. (ಇಂಗ್ಲೆಂಡಿನ ಲ್ಯಾಂಕಶೈರ್‌ನಲ್ಲಾದರೋ ಫ್ರ್ಯಾಕಿಂಗೇ ನೇರ ಕಾರಣ. 2019ರ ಆಗಸ್ಟ್‌ನ 2.9ರ ಕಂಪನದ ನಂತರ ಸರ್ಕಾರ ಕೆಲಸ ನಿಲ್ಲಿಸಿತು.)

ಇದು ಹೊಸ ಜ್ಞಾನವೇ? ಅಲ್ಲ. ಡೆನ್ವರ್ ಹತ್ತಿರದ ರಾಸಾಯನಿಕ ಅಸ್ತ್ರಗಳ ಕಾರ್ಖಾನೆಯ ಕೊಳೆನೀರನ್ನು 1962ರಿಂದ ಸುಮಾರು 3.7 ಕಿ.ಮೀ. ಆಳದ ಬಾವಿಗೆ ಇಳಿಸಿದರು, ನೆಲ ನಡುಗತೊಡಗಿತು. ಕೊಲರಾಡೋದ ರೇಂಜ್ಲಿ ಎಣ್ಣೆಕ್ಷೇತ್ರದಲ್ಲಿ ಒತ್ತಡ ಏರಿಸಿ, ಇಳಿಸಿ ಕಂಪನವನ್ನು ಹೆಚ್ಚು ಕಡಿಮೆ ಮಾಡಬಹುದೆಂದು ಅಮೆರಿಕದ ಭೂಸರ್ವೇಕ್ಷಣೆ ತೋರಿಸಿತು. ಆ ಪ್ರಬಂಧ 1976ರಲ್ಲೇ ಅಚ್ಚಾಗಿದೆ. ಮತ್ತೆ ಒಕ್ಲಹೋಮಾ ಯಾಕಾಯಿತು? ಎಣ್ಣೆಯವರು ಗ್ಯಾಸ್ ಕೊಡುವ ಬಾವಿ ನೋಡುತ್ತಾ ಕೂತರು, ಭೂಕಂಪದವರು ತಮ್ಮ ಯಂತ್ರ ನೋಡುತ್ತಾ ಕೂತರು. ಕೊಳೆನೀರಿನ ಬಾವಿ ಯಾರ ವಿಷಯವೂ ಆಗಲಿಲ್ಲ. ನಮ್ಮ ಕ್ಷೇತ್ರ ದಾರಿ ತಪ್ಪಿದ್ದು ಅಲ್ಲಿ. ಈ ಮಾತು ಕೇಳಿ ಕೇಳಿ ನನ್ನ ಶಿಷ್ಯರಿಗೆ ಬೇಜಾರಾಗಿದೆ, ಇಲ್ಲಿ ಕೂತಿರುವವರು ತಲೆ ತಗ್ಗಿಸಿ ನಗುತ್ತಿದ್ದಾರೆ.

ಈಗ ನನ್ನ ನಿದ್ದೆಗೆಡಿಸುವ ಪ್ರಶ್ನೆ. ಡೆನ್ವರ್‌ನಲ್ಲಿ 1966ರ ಫೆಬ್ರವರಿಗೆ ನೀರು ಇಳಿಸುವುದು ನಿಂತಿತು. ಅತಿ ದೊಡ್ಡ ಕಂಪನಗಳು ಬಂದದ್ದು 1967ರಲ್ಲಿ. ನಿಲ್ಲಿಸಿದ ಮೇಲೂ ಒತ್ತಡ ಬಂಡೆಯೊಳಗೆ ನಡೆಯುತ್ತಲೇ ಇರುತ್ತದೆ ಎಂಬುದು ಗೊತ್ತು. ಎಷ್ಟು ದೂರ, ಎಷ್ಟು ಕಾಲ, ಯಾವ ಸ್ತರಭಂಗ ಜಾರೀತು, ಯಾವುದು ಸುಮ್ಮನಿದ್ದೀತು? ಬಾವಿ ತೋಡುವ ಮೊದಲೇ ಇದನ್ನು ಹೇಳಬಲ್ಲ ಮಾದರಿ ನಮ್ಮ ಕೈಯಲ್ಲಿಲ್ಲ. ಅದೇ 1967ರ ಡಿಸೆಂಬರ್‌ನಲ್ಲಿ ಮಹಾರಾಷ್ಟ್ರದ ಕೊಯ್ನಾ ಅಣೆಕಟ್ಟಿನ ಬಳಿ ನೆಲ ನಡುಗಿತು. ಜಲಾಶಯದ ನೀರು ಆಳದ ಬಂಡೆಗೆ ಏನು ಮಾಡುತ್ತದೆಂದು ನಾವು ಇಂದಿಗೂ ಅಲ್ಲಿ ಕೊರೆದು ನೋಡುತ್ತಿದ್ದೇವೆ.

ಕರ್ನಾಟಕದ ಬಹುಭಾಗ ಪುರಾತನ ಗಟ್ಟಿಶಿಲೆ, ಶೇಲ್ ಗ್ಯಾಸಿನ ಆಸೆ ಇಲ್ಲಿಲ್ಲ. ಆದರೆ ಪಶ್ಚಿಮ ಬಂಗಾಳದ ದುರ್ಗಾಪುರದ ಬಳಿಯ ಇಚ್ಛಾಪುರದಲ್ಲಿ ಒಎನ್‌ಜಿಸಿಗೆ 2011ರಲ್ಲೇ ಶೇಲ್ ಗ್ಯಾಸ್ ಸಿಕ್ಕಿದೆ, 2013ರಲ್ಲಿ ಕೇಂದ್ರ ನೀತಿಯನ್ನೂ ತಂದಿದೆ. ನಾಳೆ ಸಂಜೆ ಇಲ್ಲಿ ನಿರ್ಣಯ ಬರೆಯುವವರಲ್ಲಿ ನನ್ನ ಬೇಡಿಕೆ ಇಷ್ಟೇ: ಫ್ರ್ಯಾಕಿಂಗ್ ಬೇಕೋ ಬೇಡವೋ ಎಂಬ ಚರ್ಚೆಗೆ ಇಡೀ ಪುಟ ಕೊಡಬೇಡಿ. ಕೊರೆಯುವ ಮುಂಚೆಯೇ ಕಂಪನಮಾಪಕ ಕೂರಿಸಿರಬೇಕು, ಸುತ್ತಲ ಬಾವಿಗಳ ನೀರನ್ನು ಪರೀಕ್ಷಿಸಿರಬೇಕು, ಕೊಳೆನೀರಿನ ಪ್ರತಿ ಬಾವಿಯ ಒತ್ತಡದ ಲೆಕ್ಕ ಸಾರ್ವಜನಿಕರಿಗೆ ಸಿಗಬೇಕು ಎಂದು ಬರೆಯಿರಿ.